ಬೆಂಕಿ ಕೊಟ್ಟವರು ಯಾರು? ಹುಡುಗರ ಸಿಗರೇಟು, ಹುಡುಗಿಯರ ಸಿಗರೇಟು

ಭಾಗ 1/9

ಫೋಟೊದಲ್ಲಿರೋದು ನಮ್ಮ ಕಾಲೇಜಿನ ಎದುರಿನ ಟೀ ಅಂಗಡಿ. ಒಂದು ಬೆಂಚು, ಬಿಸ್ಕತ್ ಡಬ್ಬಿಗಳು, ಕಂಬಕ್ಕೆ ದಾರದಲ್ಲಿ ಕಟ್ಟಿರೋ ಲೈಟರ್. ಹೋದ ವರ್ಷದವರೆಗೂ ದಿನಕ್ಕೆ ನಾಲ್ಕು ಸಲ ಆ ಲೈಟರ್ ಹಿಡೀತಿದ್ದವನು ನಾನು. ನನಗೀಗ 20. ನಮ್ಮ ರಾಜ್ಯದ ಈಗಿನ ಕಾನೂನಿನ ಪ್ರಕಾರ 21 ತುಂಬದವರಿಗೆ ಸಿಗರೇಟು ಮಾರೋ ಹಾಗೇ ಇಲ್ಲ. ಅಂಗಡಿ ಅಣ್ಣ ಯಾವತ್ತೂ ವಯಸ್ಸು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮ್ಮ ಕ್ಲಾಸಿನ ಒಬ್ಬಳು ಗೆಳತಿಯೂ ಸೇದ್ತಾಳೆ. ಆ ಬೆಂಚಿನ ಮೇಲೆ ಅವಳನ್ನ ಯಾರೂ ನೋಡಿಲ್ಲ. ಪಿಜಿ ಟೆರೇಸು, ನೀರಿನ ಟ್ಯಾಂಕಿನ ಹಿಂದೆ. ಆಮೇಲೆ ಬಾಯಿಗೆ ಏಲಕ್ಕಿ, ಬಟ್ಟೆಗೆ ಸೆಂಟು.

ಇಂಟರ್ನಲ್ಸ್ ಮುಗಿದ ದಿನ ಇಬ್ಬರೂ ಒಟ್ಟಿಗೆ ಬಿಡೋಣ ಅಂತ ಮಾತಾಡಿಕೊಂಡ್ವಿ. ನಾನು ಎರಡು ಸಲ ಜಾರಿ ಮೂರನೇ ಸಲಕ್ಕೆ ಬಿಟ್ಟೆ. ಅವಳಿಗೆ ಆಗಲಿಲ್ಲ. ವಿಷಯ ಗೊತ್ತಿದ್ದ ಒಬ್ಬ ಫ್ರೆಂಡು, "ಹುಡುಗೀರಿಗೆ ಅಷ್ಟು ವಿಲ್ ಪವರ್ ಎಲ್ಲಿರುತ್ತೆ ಮಗಾ" ಅಂದ. ನಾನೂ ನಕ್ಕೆ. ರೂಮಿಗೆ ಬಂದ ಮೇಲೆ ಆ ನಗು ಚುಚ್ಚೋಕೆ ಶುರುವಾಯ್ತು. ಅದು ನಿಜಾನಾ? ಗಂಡಸರು ಜಾಸ್ತಿ ಸೇದೋದು, ಹೆಂಗಸರಿಗೆ ಬಿಡೋದು ಕಷ್ಟ ಅನ್ನೋದು, ಇದೆಲ್ಲ ಹುಟ್ಟಿನಿಂದ ಬಂದಿದ್ದಾ? ಇಲ್ಲಾ ಯಾರಾದ್ರೂ ಮಾಡಿದ್ದಾ?

ಹುಡುಕ್ತಾ ಹೋದೆ. ಹೋಗಿ ನಿಂತಿದ್ದು ನೂರು ವರ್ಷದ ಹಿಂದಿನ ನ್ಯೂಯಾರ್ಕಿನಲ್ಲಿ. ಈ ಸರಣಿ ಅದರ ಬಗ್ಗೆ. ಗೆಳತಿಯನ್ನ ಕೇಳಿಯೇ ಬರೀತಿದ್ದೀನಿ, ಹೆಸರು ಬರಲ್ಲ.

ಭಾಗ 2/9

ಮೊದಲು ಒಂದು ಯಂತ್ರದ ಕಥೆ. 1880ರವರೆಗೂ ಸಿಗರೇಟನ್ನ ಕೈಯಲ್ಲೇ ಸುತ್ತುತ್ತಿದ್ದರು. ಜೇಮ್ಸ್ ಬೊನ್ಸಾಕ್ ಅನ್ನೋ ಅಮೆರಿಕದ ಹುಡುಗ ಒಂದು ಯಂತ್ರ ಮಾಡಿದ. ಅದು ದಿನಕ್ಕೆ ಸುಮಾರು 1,20,000 ಸಿಗರೇಟು ಸುತ್ತುತ್ತಿತ್ತು. ಬಿಕಾಂನವರಿಗೆ ಮುಂದಿನದ್ದು ಹೇಳಬೇಕಾಗಿಲ್ಲ. ಮಾಲು ರಾಶಿ ಬಿದ್ದ ಮೇಲೆ ಕೊಳ್ಳೋರು ಬೇಕು.

ಮೊದಲು ಸಿಕ್ಕವರು ಗಂಡಸರು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ರೇಷನ್ ಜೊತೆ ಸಿಗರೇಟೂ ಹೋಯ್ತು. ಅದಕ್ಕೂ ಮುಂಚೆ ಪೈಪು, ಜಗಿಯೋ ಹೊಗೆಸೊಪ್ಪು ಇದ್ದರೇನೇ ಗಂಡಸು, ತೆಳ್ಳನೆಯ ಸಿಗರೇಟು ನಾಜೂಕಿನವರಿಗೆ ಅಂತ ತಮಾಷೆ ಮಾಡ್ತಿದ್ದವರು ಇದ್ದರು. ಯುದ್ಧ ಮುಗಿಯೋ ಹೊತ್ತಿಗೆ ಸಿಗರೇಟು ವೀರರ ವಸ್ತು ಆಗಿತ್ತು.

ಹೆಂಗಸರ ಕಥೆ ಬೇರೆ. 1908ರ ಜನವರಿಯಲ್ಲಿ ನ್ಯೂಯಾರ್ಕ್ ನಗರಸಭೆ ಒಂದು ನಿಯಮ ತಂತು. ಸಾರ್ವಜನಿಕ ಜಾಗಗಳಲ್ಲಿ ಹೆಂಗಸರು ಸೇದೋದಕ್ಕೆ ಆ ಜಾಗದ ಮಾಲೀಕರು ಬಿಡಬಾರದು ಅಂತ. ಗಂಡಸರಿಗೆ ಅಂಥದ್ದೇನೂ ಇಲ್ಲ. ಮರುದಿನವೇ ಕೇಟೀ ಮಲ್‌ಕಾಹೀ ಅನ್ನೋ ಹೆಂಗಸು ಬೀದಿಯಲ್ಲಿ ಸಿಗರೇಟು ಹಚ್ಚಿದ್ದಕ್ಕೆ ಪೊಲೀಸರು ಹಿಡಿದರು. 5 ಡಾಲರ್ ದಂಡ. ನಾನೇನು ಮಾಡಬೇಕು ಅಂತ ಗಂಡಸರು ಹೇಳಬೇಕಿಲ್ಲ ಅನ್ನೋ ಅರ್ಥದಲ್ಲಿ ನ್ಯಾಯಾಧೀಶರ ಎದುರೇ ಹೇಳಿ, ದಂಡ ಕಟ್ಟದೆ ಲಾಕಪ್ಪಿಗೆ ಹೋದಳು. ಸ್ವಲ್ಪ ದಿನಕ್ಕೇ ಮೇಯರ್ ಆ ನಿಯಮವನ್ನ ರದ್ದು ಮಾಡಿದರು.

ನಿಯಮ ಹೋಯ್ತು, ಅವಮಾನ ಉಳೀತು. ಒಳ್ಳೆ ಮನೆಯ ಹೆಣ್ಣುಮಕ್ಕಳು ಬೀದಿಯಲ್ಲಿ ಸೇದಲ್ಲ ಅನ್ನೋ ಮಾತು ಹಾಗೇ ಇತ್ತು. ನಮ್ಮ ಕಾಲೇಜಿನ ಆ ಬೆಂಚಿಗೆ ಈಗಲೂ ಅದೇ ನಿಯಮ, ಬರೆದಿಟ್ಟಿಲ್ಲ ಅಷ್ಟೆ.

ಭಾಗ 3/9

ಈ ಫೋಟೊದಲ್ಲಿ ಇರೋ ಮೀಸೆಯವರು ಎಡ್ವರ್ಡ್ ಬರ್ನೇಸ್. 1891ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು, ಮನಶ್ಶಾಸ್ತ್ರಜ್ಞ ಸಿಗ್ಮಂಡ್ ಫ್ರಾಯ್ಡ್ ಇವರ ಸೋದರಮಾವ. ಪಬ್ಲಿಕ್ ರಿಲೇಷನ್ಸ್ ಅನ್ನೋ ವೃತ್ತಿಗೆ ಹೆಸರು ತಂದುಕೊಟ್ಟವರಲ್ಲಿ ಒಬ್ಬರು.

1928ರಲ್ಲಿ ಇವರನ್ನ ಕೆಲಸಕ್ಕೆ ಕರೆದಿದ್ದು ಅಮೆರಿಕನ್ ಟೊಬ್ಯಾಕೊ ಕಂಪನಿಯ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಹಿಲ್. ಕಂಪನಿಯ ದೊಡ್ಡ ಬ್ರಾಂಡು ಲಕ್ಕಿ ಸ್ಟ್ರೈಕ್. ಹಿಲ್ ಅವರ ಲೆಕ್ಕ ಸರಳ. ಜನರಲ್ಲಿ ಅರ್ಧ ಹೆಂಗಸರು, ಅವರಲ್ಲಿ ಹೆಚ್ಚಿನವರು ಸೇದಲ್ಲ, ಸೇದೋರು ಮನೆಯೊಳಗೆ ಮಾತ್ರ. ಅಂದ್ರೆ ಅರ್ಧ ಮಾರ್ಕೆಟ್ಟು ಖಾಲಿ ಬಿದ್ದಿದೆ.

ಮೊದಲ ದಾಳ ತೂಕ. ಸಿಹಿ ತಿನ್ನೋ ಆಸೆ ಆದಾಗ ಅದರ ಬದಲು ಒಂದು ಲಕ್ಕಿ ತಗೊಳ್ಳಿ ಅನ್ನೋ ಅರ್ಥದ ಜಾಹೀರಾತು 1928ರಲ್ಲಿ ಶುರುವಾಯ್ತು. ತೆಳ್ಳಗಿರೋದೇ ಚೆಂದ ಅನ್ನೋ ಫ್ಯಾಷನ್ ಆಗ ತಾನೇ ಬಂದಿತ್ತು. ಬರ್ನೇಸ್ ತೆಳ್ಳಗಿರೋದನ್ನ ಹೊಗಳೋ ಡಾಕ್ಟರು, ಫೋಟೊಗ್ರಾಫರುಗಳನ್ನ ಹುಡುಕಿ ಅವರ ಮಾತನ್ನ ಪತ್ರಿಕೆಗಳಿಗೆ ಕಳಿಸಿದರು. ಮಿಠಾಯಿ ತಯಾರಕರು ರೊಚ್ಚಿಗೆದ್ದು ಗಲಾಟೆ ಮಾಡಿದ ಮೇಲೆ ಜಾಹೀರಾತಿನಿಂದ ಸಿಹಿಯ ಮಾತನ್ನ ತೆಗೆದರು. ಅಷ್ಟರಲ್ಲಿ ಆ ಮಾತು ತಲೆಗೆ ಹೋಗಿತ್ತು.

ಈ ತೂಕದ ವಿಷಯ ನೆನಪಿಟ್ಟುಕೊಳ್ಳಿ. ಭಾಗ 8ರಲ್ಲಿ ಮತ್ತೆ ಬರುತ್ತೆ.

ಎರಡನೇ ದಾಳ ಬೀದಿ. ಹೆಂಗಸರು ಮನೆಯೊಳಗೆ ಮಾತ್ರ ಸೇದಿದರೆ ದಿನದ ಅರ್ಧ ಹೊತ್ತು ವ್ಯಾಪಾರ ಇಲ್ಲ. ಅವಮಾನ ಮುರಿಯೋದು ಹೇಗೆ? ಬರ್ನೇಸ್ ಎ. ಎ. ಬ್ರಿಲ್ ಅನ್ನೋ ಮನೋವಿಶ್ಲೇಷಕರ ಸಲಹೆ ಕೇಳಿದರು. ಅವರು ಕೊಟ್ಟ ಉತ್ತರದ ಸಾರ ಇಷ್ಟು: ಹೆಂಗಸರಿಗೆ ಸಿಗರೇಟು ಅಂದ್ರೆ ಸ್ವಾತಂತ್ರ್ಯದ ಪಂಜು.

ಭಾಗ 4/9

1929ರ ಮಾರ್ಚ್ 31, ಈಸ್ಟರ್ ಭಾನುವಾರ. ಚರ್ಚು ಮುಗಿಸಿ ಹೊಸ ಬಟ್ಟೆ ಹಾಕಿಕೊಂಡು ನ್ಯೂಯಾರ್ಕಿನ ಫಿಫ್ತ್ ಅವೆನ್ಯೂನಲ್ಲಿ ನಡೆಯೋದು ಅಲ್ಲಿನ ಪದ್ಧತಿ. ಅವತ್ತು ಆ ಗುಂಪಿನ ನಡುವೆ ಕೆಲವು ಹೆಂಗಸರು ಸಿಗರೇಟು ಹಚ್ಚಿದರು.

ಮರುದಿನದ ಪತ್ರಿಕೆಗಳಲ್ಲಿ ಸುದ್ದಿ. ಬರ್ತಾ ಹಂಟ್ ಅನ್ನೋ ಹೆಂಗಸು ವರದಿಗಾರರಿಗೆ ಹೇಳಿದ್ದು ಹೀಗೆ: ಬೀದಿಯಲ್ಲಿ ಜೊತೆಗಿದ್ದ ಗಂಡಸೊಬ್ಬ ಮುಜುಗರ ಆಗುತ್ತೆ, ಸಿಗರೇಟು ಆರಿಸು ಅಂದಿದ್ದ, ಆಗಲೇ ಈ ಯೋಚನೆ ಬಂತು. ಆಕೆ ಹೇಳದೇ ಬಿಟ್ಟಿದ್ದು, ತಾನು ಬರ್ನೇಸ್ ಅವರ ಸೆಕ್ರೆಟರಿ ಅನ್ನೋದು. ಯಾರು ನಡೀಬೇಕು, ಎಲ್ಲಿ ಹಚ್ಚಬೇಕು, ಫೋಟೊ ಹೇಗೆ ಬರಬೇಕು, ಎಲ್ಲಾ ಮೊದಲೇ ಬರೆದಿಟ್ಟಿದ್ದರು. ಆಹ್ವಾನ ಹೋಗಿದ್ದು ರೂತ್ ಹೇಲ್ ಅನ್ನೋ ನಿಜವಾದ ಸ್ತ್ರೀವಾದಿಯ ಹೆಸರಿನಲ್ಲಿ. ಕಂಪನಿಯ ಹೆಸರು ಎಲ್ಲೂ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ರೀಲ್ಸ್‌ನಲ್ಲಿ ಹೇಳ್ತಾರಲ್ಲ, ಆ ಒಂದೇ ದಿನದಿಂದ ಹೆಂಗಸರು ಸೇದೋಕೆ ಶುರು ಮಾಡಿದ್ರು ಅಂತ. ಅದು ಸರಿಯಲ್ಲ. 1920ರಲ್ಲಿ ಅಮೆರಿಕದ ಹೆಂಗಸರಿಗೆ ಮತದ ಹಕ್ಕು ಸಿಕ್ಕಿತ್ತು, ಕಾಲೇಜು, ಆಫೀಸುಗಳಿಗೆ ಹೋಗ್ತಿದ್ದರು, ಸೇದೋರೂ ಹೆಚ್ಚಾಗ್ತಾ ಇದ್ದರು. ಸಿಗರೇಟು ಕೊಳ್ಳುವಿಕೆಯಲ್ಲಿ ಹೆಂಗಸರ ಪಾಲು 1923ರಲ್ಲಿ ಅಂದಾಜು 5% ಇದ್ದದ್ದು 1929ಕ್ಕೆ 12% ಆಗಿತ್ತು ಅಂತ ಲೆಕ್ಕ. ಆ ದಿನವನ್ನ ಇಷ್ಟು ದೊಡ್ಡ ಕಥೆ ಮಾಡಿದ್ದರಲ್ಲಿ ಬರ್ನೇಸ್ ಅವರದ್ದೇ ಪಾಲು ದೊಡ್ಡದು ಅಂತಾರೆ ಇತಿಹಾಸಕಾರರು. ಪಬ್ಲಿಸಿಟಿ ಮಾಡೋರು ತಮ್ಮ ಪಬ್ಲಿಸಿಟಿ ಬಿಡ್ತಾರಾ?

ಆದರೆ ಒಂದಂತೂ ನಿಜ. ಕೇಟೀ ಮಲ್‌ಕಾಹೀಗೆ ಆದ ಅವಮಾನ ನಿಜವಾದದ್ದು, ಅವಳ ಸಿಟ್ಟೂ ನಿಜವಾದದ್ದು. 21 ವರ್ಷದ ಮೇಲೆ ಅದೇ ಸಿಟ್ಟನ್ನ ಕಂಪನಿ ಪ್ಯಾಕ್ ಮಾಡಿ ಮಾರೋಕೆ ಇಟ್ಟಿತು.

ಭಾಗ 5/9

ಬಿಕಾಂ ಮಿತ್ರರಿಗೆ ಈ ಭಾಗ. ಮಾರ್ಕೆಟಿಂಗ್ ಪೇಪರಿನಲ್ಲಿ ಸೆಗ್ಮೆಂಟೇಷನ್ ಬಗ್ಗೆ ಐದು ಮಾರ್ಕಿಗೆ ಬರೀತೀವಲ್ಲ, ಅದರ ಎರಡು ಉದಾಹರಣೆ.

ಒಂದು. ಲಕ್ಕಿ ಸ್ಟ್ರೈಕ್ ಪ್ಯಾಕು ಆಗ ಹಸಿರು ಬಣ್ಣದ್ದು. ಆ ಹಸಿರು ನಮ್ಮ ಬಟ್ಟೆಗೆ ಮ್ಯಾಚ್ ಆಗಲ್ಲ ಅಂತ ಹೆಂಗಸರು ಕೊಳ್ತಿಲ್ಲ ಅನ್ನೋದು ಕಂಪನಿಗೆ ಗೊತ್ತಾಯ್ತು. ಬೇರೆ ಯಾರಾದ್ರೂ ಆಗಿದ್ರೆ ಪ್ಯಾಕಿನ ಬಣ್ಣ ಬದಲಾಯಿಸ್ತಿದ್ರು. ಹಿಲ್ ಒಪ್ಪಲಿಲ್ಲ. ಹಾಗಾಗಿ ಬರ್ನೇಸ್ ಫ್ಯಾಷನ್ನನ್ನೇ ಬದಲಾಯಿಸೋಕೆ ಹೊರಟರು. 1934ರಲ್ಲಿ ನ್ಯೂಯಾರ್ಕಿನ ವಾಲ್ಡಾರ್ಫ್ ಆಸ್ಟೋರಿಯಾ ಹೋಟೆಲಿನಲ್ಲಿ ಹಸಿರು ಗೌನು ತೊಟ್ಟವರ ದೊಡ್ಡ ಪಾರ್ಟಿ ನಡೀತು. ಹಸಿರೇ ಈ ಸಲದ ಬಣ್ಣ ಅಂತ ಪತ್ರಿಕೆ, ಬಟ್ಟೆ ಅಂಗಡಿಗಳಿಗೆಲ್ಲ ಸುದ್ದಿ ಹೋಯ್ತು.

ಎರಡು. ಮಾರ್ಲ್‌ಬೊರೊ ಅಂದ ತಕ್ಷಣ ಕುದುರೆ, ಟೋಪಿ, ಕೌಬಾಯ್ ನೆನಪಾಗ್ತಾರೆ ಅಲ್ವಾ? ಅದು 1924ರಲ್ಲಿ ಮಾರ್ಕೆಟ್ಟಿಗೆ ಬಂದಿದ್ದು ಹೆಂಗಸರ ಸಿಗರೇಟಾಗಿ. ಲಿಪ್‌ಸ್ಟಿಕ್ ಕಲೆ ಕಾಣಬಾರದು ಅಂತ ಮುಂದೆ ತುದಿಗೆ ಕೆಂಪು ಬಣ್ಣ ಕೂಡ ಹಾಕಿದ್ದರು. 1950ರ ದಶಕದಲ್ಲಿ ಸಿಗರೇಟಿನಿಂದ ಕ್ಯಾನ್ಸರ್ ಅನ್ನೋ ಸುದ್ದಿ ಹರಡಿ, ಜನ ಫಿಲ್ಟರ್ ಸಿಗರೇಟಿನ ಕಡೆ ತಿರುಗಿದರು. ಆದರೆ ಫಿಲ್ಟರ್ ಹೆಣ್ಣುಮಕ್ಕಳದ್ದು ಅಂತ ಗಂಡಸರಿಗೆ ಸಂಕೋಚ. ಆಗ ಲಿಯೊ ಬರ್ನೆಟ್ ಅವರ ಏಜೆನ್ಸಿ ಅದೇ ಮಾರ್ಲ್‌ಬೊರೊ ಪಕ್ಕ ಕೌಬಾಯ್ ನಿಲ್ಲಿಸಿತು.

ನೋಡಿ, ಹೊಗೆಸೊಪ್ಪಿಗೆ ಲಿಂಗ ಇಲ್ಲ. ಒಂದೇ ಹೆಸರಿನ ಸಿಗರೇಟು ಒಂದು ಕಾಲದಲ್ಲಿ ನಾಜೂಕು, ಇನ್ನೊಂದು ಕಾಲದಲ್ಲಿ ಗಂಡಸ್ತನ. ಟೀ ಅಂಗಡಿಯಲ್ಲಿ ಮೊದಲ ದಿನ ಕೆಮ್ಮು ತಡ್ಕೊಂಡು ನಾನು ಸೇದಿದ್ದೂ ಆ ಕೌಬಾಯ್ ಥರ ಕಾಣೋಕೇ. ಮೋಸ ಹೋದವರು ಹುಡುಗಿಯರು ಮಾತ್ರ ಅಂದುಕೊಳ್ಳಬೇಡಿ.

ಭಾಗ 6/9

1964ರ ಜನವರಿ 11, ಶನಿವಾರ. ಷೇರು ಮಾರ್ಕೆಟ್ ಮುಚ್ಚಿರುತ್ತೆ, ಭಾನುವಾರದ ಪತ್ರಿಕೆಗಳಲ್ಲಿ ದೊಡ್ಡದಾಗಿ ಬರುತ್ತೆ ಅಂತ ಲೆಕ್ಕ ಹಾಕಿ ಅಮೆರಿಕದ ಸರ್ಜನ್ ಜನರಲ್ ಅವತ್ತೇ ವರದಿ ಬಿಡುಗಡೆ ಮಾಡಿದರು. ಸಿಗರೇಟಿನಿಂದ ಗಂಡಸರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುತ್ತೆ ಅಂತ ವರದಿ ಖಚಿತವಾಗಿ ಹೇಳಿತು. ಹೆಂಗಸರ ಬಗ್ಗೆ? ಮಾಹಿತಿ ಅಷ್ಟಿಲ್ಲ, ಆದರೆ ಇರೋದು ಅದೇ ದಿಕ್ಕು ತೋರಿಸುತ್ತೆ ಅಂತ ಬರೆದಿತ್ತು.

ಯಾಕೆ ಮಾಹಿತಿ ಇರಲಿಲ್ಲ ಗೊತ್ತಾ? ಹೆಂಗಸರು ಗುಂಪುಗುಂಪಾಗಿ ಸೇದೋಕೆ ಶುರು ಮಾಡಿದ್ದೇ ತಡವಾಗಿ. ಈ ಕಾಯಿಲೆ ಬರೋಕೆ ಎಷ್ಟೋ ವರ್ಷ ಬೇಕು. ಆ ಅಂತರವನ್ನ ಎಷ್ಟೋ ಜನ ಹೆಂಗಸರಿಗೆ ಏನೂ ಆಗಲ್ಲ ಅಂತ ಓದಿಕೊಂಡರು.

ಆಗ ಅಮೆರಿಕದಲ್ಲಿ ಸೇದ್ತಿದ್ದ ಗಂಡಸರು ಸುಮಾರು 52%, ಹೆಂಗಸರು ಸುಮಾರು 34%. ವರದಿ ಬಂದ ನಾಲ್ಕೇ ವರ್ಷಕ್ಕೆ, 1968ರಲ್ಲಿ, ಹೆಂಗಸರಿಗೆ ಅಂತಲೇ ಹೊಸ ಬ್ರಾಂಡು: ವರ್ಜಿನಿಯಾ ಸ್ಲಿಮ್ಸ್. ಹೆಸರಲ್ಲೇ ತೆಳ್ಳಗೆ ಇದೆ ನೋಡಿ. ಹಳೇ ಕಾಲದಲ್ಲಿ ಕದ್ದು ಸೇದಿ ಗಂಡನ ಕೈಗೆ ಸಿಕ್ಕಿಬೀಳೋ ಹೆಂಗಸಿನ ಚಿತ್ರ ಒಂದು ಕಡೆ, ಇಂದಿನ ಹೆಣ್ಣು ನಗ್ತಾ ಸಿಗರೇಟು ಹಿಡಿದ ಚಿತ್ರ ಇನ್ನೊಂದು ಕಡೆ. ಎಷ್ಟು ದೂರ ಬಂದುಬಿಟ್ಟೆ ನೀನು ಅನ್ನೋದು ಅದರ ಸಾರ. ಗಂಡಸರಷ್ಟು ಬಹುಮಾನದ ಹಣ ಬೇಕು ಅಂತ ಬಿಲ್ಲಿ ಜೀನ್ ಕಿಂಗ್ ಮತ್ತು ಜೊತೆಗಾರ್ತಿಯರು 1970ರಲ್ಲಿ ಬೇರೆ ಟೆನಿಸ್ ಟೂರ್ನಿ ಕಟ್ಟಿದಾಗ ದುಡ್ಡು ಕೊಟ್ಟಿದ್ದೂ ಇದೇ ಬ್ರಾಂಡು. ಬೇರೆ ಯಾರೂ ದುಡ್ಡು ಕೊಡದಿದ್ದಾಗ ತಂಬಾಕು ಕಂಪನಿ ಕೊಟ್ಟಿತು. ಇದನ್ನ ಓದಿ ನನಗೆ ಏನನ್ನಬೇಕೋ ತಿಳೀಲಿಲ್ಲ.

ಅಮೆರಿಕದ ಟಿವಿಯಲ್ಲಿ ಸಿಗರೇಟು ಜಾಹೀರಾತು ನಿಂತಿದ್ದು 1971ರ ಜನವರಿ 2ರಿಂದ. ಹಿಂದಿನ ರಾತ್ರಿ 12 ಹೊಡೆಯೋಕೆ ಒಂದು ನಿಮಿಷ ಇರುವಾಗ ಬಂದ ಕೊನೆಯ ಜಾಹೀರಾತು ವರ್ಜಿನಿಯಾ ಸ್ಲಿಮ್ಸ್‌ದು. ಈ ಹೆಂಗಸರ ಬ್ರಾಂಡುಗಳು ಬಂದ ವರ್ಷಗಳಲ್ಲೇ, 18 ತುಂಬದ ಹುಡುಗಿಯರು ಸೇದೋಕೆ ಶುರು ಮಾಡೋದು ಜೋರಾಗಿ ಏರಿತ್ತು ಅಂತ 1994ರಲ್ಲಿ ಬಂದ ಅಧ್ಯಯನ ತೋರಿಸಿತು. ಅದೇ ಹೊತ್ತಿನಲ್ಲಿ ಹುಡುಗರಲ್ಲಿ ಆ ಏರಿಕೆ ಇರಲಿಲ್ಲ.

1987ರಲ್ಲಿ ಲೆಕ್ಕ ಬಂತು. ಅಮೆರಿಕದ ಹೆಂಗಸರನ್ನ ಅತಿ ಹೆಚ್ಚು ಕೊಲ್ಲೋ ಕ್ಯಾನ್ಸರ್ ಆವರೆಗೂ ಸ್ತನ ಕ್ಯಾನ್ಸರ್. ಆ ವರ್ಷ ಶ್ವಾಸಕೋಶದ ಕ್ಯಾನ್ಸರ್ ಅದನ್ನ ದಾಟಿತು.

ಭಾಗ 7/9

ಅಮೆರಿಕದ ಕಥೆ ನಮಗ್ಯಾಕೆ ಅಂತೀರಾ? ಈ ಫೋಟೊದಲ್ಲಿರೋ ಕೈ ನಮ್ಮಮ್ಮನ ತವರಿನ ಅಜ್ಜಿಯದ್ದು. ದಕ್ಷಿಣ ಕನ್ನಡದ ಹಳ್ಳಿ. ಮೊರದಲ್ಲಿ ಎಲೆ, ಹೊಗೆಸೊಪ್ಪಿನ ಪುಡಿ, ನೂಲು. ಅಜ್ಜಿ ಜೀವಮಾನ ಇಡೀ ಬೀಡಿ ಕಟ್ಟಿದರು. ಸಾವಿರಕ್ಕೆ ಇಷ್ಟು ಅಂತ ಕೂಲಿ, ಬ್ರಾಂಚಿಗೆ ಒಯ್ದು ಕೊಟ್ಟು ಲೆಕ್ಕ ಬರೆಸಿಕೊಂಡು ಬರಬೇಕು. ಅಮ್ಮ ಓದಿದ್ದು ಅದೇ ದುಡ್ಡಲ್ಲಿ. ಅಜ್ಜಿ ಒಂದು ಬೀಡಿಯನ್ನೂ ಸೇದಲಿಲ್ಲ. ಸೇದ್ತಿದ್ದವರು ಅಜ್ಜ. ಆದರೆ ಆ ಪುಡಿಯ ಘಾಟಿಗೆ ಕೆಮ್ಮು ಇಬ್ಬರಿಗೂ ಇತ್ತು.

ಅಲ್ಲಿ ಯಂತ್ರ ಬಂದು ಕೈಕೆಲಸ ಹೋಯ್ತು. ಇಲ್ಲಿ ಬೀಡಿ ಇಂದಿಗೂ ಕೈಯಲ್ಲೇ, ಅದರಲ್ಲೂ ಹೆಚ್ಚಾಗಿ ಹೆಂಗಸರ ಕೈಯಲ್ಲೇ ಆಗೋದು. ಕಟ್ಟೋದು ಹೆಣ್ಣು, ಸೇದೋದು ಗಂಡು. ಹಾಗಾಗಿ ತಂಬಾಕಿಗೂ ನಮ್ಮ ಹೆಂಗಸರಿಗೂ ಸಂಬಂಧ ಇಲ್ಲ ಅನ್ನೋ ಹಾಗಿಲ್ಲ.

ಲೆಕ್ಕ ನೋಡಿ. ಕೇಂದ್ರ ಸರ್ಕಾರದ 2016-17ರ ವಯಸ್ಕರ ತಂಬಾಕು ಸಮೀಕ್ಷೆ ಪ್ರಕಾರ ಭಾರತದಲ್ಲಿ ಹೊಗೆ ಸೇದೋರು ಗಂಡಸರಲ್ಲಿ 19%, ಹೆಂಗಸರಲ್ಲಿ 2%. ಜಗಿಯೋ ತಂಬಾಕು, ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಇವೆಲ್ಲ ಗಂಡಸರಲ್ಲಿ 29.6%, ಹೆಂಗಸರಲ್ಲಿ 12.8%. ಎಲೆ ಅಡಿಕೆ ಹಾಕೋ ಅಜ್ಜಿಯನ್ನ ಯಾರೂ ಬೈಯಲ್ಲ. ಸಿಗರೇಟು ಹಿಡಿದ ಮೊಮ್ಮಗಳನ್ನ ಬಿಡಲ್ಲ.

ಆ 2% ಅನ್ನೋದನ್ನ ಕಂಪನಿಗಳು ಓದೋ ರೀತಿ ಬೇರೆ. 1928ರಲ್ಲಿ ಹಿಲ್ ಓದಿದ ಹಾಗೆ. 1990ರ ಸುಮಾರಿಗೆ ನಮ್ಮ ದೇಶದಲ್ಲೂ ಹೆಂಗಸರಿಗೆ ಅಂತಲೇ ಒಂದು ಸಿಗರೇಟು ಮಾರ್ಕೆಟ್ಟಿಗೆ ಬಂದು, ಅದರ ವಿರುದ್ಧ ಗಲಾಟೆ ಆಗಿತ್ತು. ಈಗ ಸಿಗರೇಟಿಗೆ ಜಾಹೀರಾತು ಹಾಕೋ ಹಾಗಿಲ್ಲ, 2003ರ ಕಾನೂನಿದೆ. ಆದರೆ ತೆಳ್ಳನೆಯ, ಹಣ್ಣಿನ ಪರಿಮಳದ ಸಿಗರೇಟುಗಳು ಅಂಗಡಿಯಲ್ಲಿವೆ. ಗೆಳತಿ ಶುರು ಮಾಡಿದ್ದು ಅಂಥದ್ದರಲ್ಲೇ. ವಾಸನೆ ಕಡಿಮೆ, ಬಚ್ಚಿಡೋದು ಸುಲಭ ಅಂತ.

ಭಾಗ 8/9

ಈಗ ಬಿಡೋ ವಿಷಯ. ಹುಡುಗೀರಿಗೆ ವಿಲ್ ಪವರ್ ಇಲ್ಲ ಅನ್ನೋದು ನಿಜಾನಾ?

ಚಿಕಿತ್ಸೆಗಳ ಅಧ್ಯಯನಗಳಲ್ಲಿ ಹೆಂಗಸರಿಗೆ ಬಿಡೋದು ಸ್ವಲ್ಪ ಕಷ್ಟ ಅಂತ ಎಷ್ಟೋ ಕಡೆ ಕಂಡುಬಂದಿರೋದು ಹೌದು. ಕಾರಣಗಳನ್ನ ನೋಡಿ. ನಿಕೋಟಿನ್ ಹೆಂಗಸರ ಮೈಯಲ್ಲಿ ಸರಾಸರಿ ಬೇಗ ಕರಗುತ್ತೆ. ಗರ್ಭನಿರೋಧಕ ಮಾತ್ರೆ ತಗೊಳ್ಳೋರಲ್ಲಿ ಇನ್ನೂ ಬೇಗ. ಬೇಗ ಕರಗಿದರೆ ಮತ್ತೆ ಬೇಕು ಅನ್ನಿಸೋದೂ ಬೇಗ. ನಿಕೋಟಿನ್ ಪ್ಯಾಚ್ ಥರದ ಚಿಕಿತ್ಸೆ ಇಬ್ಬರಿಗೂ ಸಹಾಯ ಮಾಡುತ್ತೆ, ಹೆಂಗಸರಿಗೆ ಸರಾಸರಿ ಸ್ವಲ್ಪ ಕಡಿಮೆ. ವರೆನಿಕ್ಲಿನ್ ಅನ್ನೋ ಮಾತ್ರೆ ಹೆಂಗಸರಿಗೂ ಚೆನ್ನಾಗೇ ಕೆಲಸ ಮಾಡುತ್ತೆ. ಯಾವುದು ಬೇಕು ಅನ್ನೋದು ಡಾಕ್ಟರ್ ಹೇಳಬೇಕು. ಅಂದ್ರೆ ಇಲ್ಲಿ ಇರೋದು ಮೈಯ ವ್ಯತ್ಯಾಸ, ಮನಸ್ಸಿನ ದೌರ್ಬಲ್ಯ ಅಲ್ಲ.

ಆಮೇಲೆ ತೂಕ. ಬಿಟ್ಟ ಮೊದಲ ವರ್ಷದಲ್ಲಿ ಸರಾಸರಿ 4-5 ಕೆಜಿ ಹೆಚ್ಚಾಗುತ್ತೆ. ದಪ್ಪ ಆಗ್ತೀನಿ ಅನ್ನೋ ಭಯ ಹೆಂಗಸರಲ್ಲಿ ಜಾಸ್ತಿ. ಈ ಭಯ ಎಲ್ಲಿಂದ ಬಂತು? ಭಾಗ 3 ನೋಡಿ. 1928ರಲ್ಲಿ ಬಿತ್ತಿದ್ದು 2020ರ ದಶಕದಲ್ಲೂ ಬೆಳೀತಿದೆ. ಗೆಳತಿ ಮೊದಲ ಸಲ ಬಿಟ್ಟು ಹತ್ತು ದಿನ ಆದಾಗ ಮತ್ತೆ ಹಚ್ಚಿದ್ದು ಜೀನ್ಸ್ ಬಿಗಿ ಆಗ್ತಿದೆ ಅಂತ.

ಆದರೆ ನನ್ನ ಫ್ರೆಂಡಿನ ಮಾತನ್ನ ಬೀಳಿಸೋದು ಇದು. ಅಮೆರಿಕ, ಕೆನಡಾ, ಬ್ರಿಟನ್ನಿನ ಸಮೀಕ್ಷೆಗಳನ್ನ ಒಟ್ಟಿಗೆ ಇಟ್ಟು 2013ರಲ್ಲಿ ಸಂಶೋಧಕರು ನೋಡಿದರು. 50 ವರ್ಷದ ಒಳಗಿನವರಲ್ಲಿ ಪೂರ್ತಿ ಬಿಟ್ಟವರ ಪ್ರಮಾಣ ಹೆಂಗಸರಲ್ಲೇ ಗಂಡಸರಿಗಿಂತ ಹೆಚ್ಚು. ದೊಡ್ಡ ವಯಸ್ಸಿನಲ್ಲಿ ಅದು ತಿರುಗುತ್ತೆ. ಹುಟ್ಟಿನಿಂದ ಬಂದ ದೌರ್ಬಲ್ಯ ಆಗಿದ್ದರೆ ವಯಸ್ಸಿನ ಮೇಲೆ ಹೀಗೆ ತಿರುಗುತ್ತಿತ್ತಾ?

ಬಿಟ್ಟರೆ ಏನು ಸಿಗುತ್ತೆ ಅನ್ನೋದಕ್ಕೂ ಲೆಕ್ಕ ಇದೆ. ಬ್ರಿಟನ್ನಿನಲ್ಲಿ ಸುಮಾರು 13 ಲಕ್ಷ ಹೆಂಗಸರನ್ನ ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನ ಇದೆ. ಅವರಲ್ಲಿ ಹೆಚ್ಚಿನವರು 1940ರ ಆಸುಪಾಸು ಹುಟ್ಟಿದವರು, ಜೀವನವಿಡೀ ಸೇದಿದ ಮೊದಲ ಹೆಣ್ಣು ತಲೆಮಾರು. ಸೇದ್ತಾ ಹೋದವರು ಸರಾಸರಿ 10 ವರ್ಷ ಮೊದಲೇ ಸತ್ತರು, ಥೇಟ್ ಗಂಡಸರ ಹಾಗೆ. 30ರ ಒಳಗೆ ಬಿಟ್ಟವರು ಆ ಹೆಚ್ಚುವರಿ ಅಪಾಯದಲ್ಲಿ 97%ಗಿಂತ ಹೆಚ್ಚನ್ನ ತಪ್ಪಿಸಿಕೊಂಡರು. ನಮಗೆ 20. ಇನ್ನೂ ಹತ್ತು ವರ್ಷ ಇದೆ ಅಂತ ಓದಬೇಡಿ. ಅಷ್ಟು ಹೊತ್ತಿಗೆ ಚಟ ಇನ್ನೂ ಗಟ್ಟಿಯಾಗಿರುತ್ತೆ.

ಭಾಗ 9/9

ಕೊನೆಗೆ ಟೀ ಅಂಗಡಿಗೇ ಬರ್ತೀನಿ.

ನಾನು ಹೇಗೆ ಬಿಟ್ಟೆ ಅಂತ ಯೋಚಿಸಿದೆ. ವಿಲ್ ಪವರ್ ಏನಿಲ್ಲ, ಎರಡು ಸಲ ಬಿದ್ದವನು ನಾನು. ಬಿಡ್ತಿದ್ದೀನಿ ಅಂತ ಸ್ಟೇಟಸ್ ಹಾಕಿದೆ. ಫ್ರೆಂಡ್ಸ್ ಬೆಟ್ ಕಟ್ಟಿದರು. ಅಂಗಡಿ ಅಣ್ಣ, "ಸಾಕು ಹೋಗಪ್ಪ, ಟೀ ಕುಡಿ" ಅಂತ ಪ್ಯಾಕ್ ಮುಚ್ಚಿಟ್ಟರು. ಅಪ್ಪ ಎರಡು ದಿನ ಬೈದು ಮೂರನೇ ದಿನ ಕಡ್ಲೆಮಿಠಾಯಿ ತಂದುಕೊಟ್ಟರು. ನಾನು ಬಿಡೋಕೆ ಇಡೀ ಊರೇ ಸೇರಿತ್ತು.

ಅವಳಿಗೆ? ಶುರು ಮಾಡಿದ್ದೇ ಹೇಳೋ ಹಾಗಿಲ್ಲ, ಬಿಡ್ತಿದ್ದೀನಿ ಅಂತ ಹೇಳೋದು ಹೇಗೆ? ಡಾಕ್ಟರ ಹತ್ತಿರ ಹೋದರೆ ಮನೆಗೆ ಗೊತ್ತಾದರೆ? ರಾತ್ರಿ ಕೈ ನಡುಗಿ ನಿದ್ದೆ ಬರದಿದ್ದಾಗ ರೂಮ್‌ಮೇಟಿಗೆ ಏನು ಹೇಳೋದು? ಸೇದಿದ್ದೂ ಒಬ್ಬಳೇ, ಬಿಡೋಕೆ ಹೋರಾಡಿದ್ದೂ ಒಬ್ಬಳೇ. ಹೆಣ್ಣುಮಕ್ಕಳನ್ನ ಅವಮಾನ ಕಾಪಾಡುತ್ತೆ ಅಂತ ನಾವು ಅಂದುಕೊಂಡಿದ್ದೀವಿ. ಅದು ಅವಳನ್ನ ಸಿಗರೇಟಿನಿಂದ ದೂರ ಇಡಲಿಲ್ಲ. ಸಹಾಯದಿಂದ ದೂರ ಇಟ್ಟಿತು, ಅಷ್ಟೆ.

ಬರ್ನೇಸ್ ಬಗ್ಗೆ ಒಂದು ಮಾತು ಉಳಿದಿದೆ. ಲಕ್ಷಾಂತರ ಹೆಂಗಸರಿಗೆ ಸಿಗರೇಟು ಮಾರಿದ ಆತ ಸ್ವತಃ ಸೇದ್ತಿರಲಿಲ್ಲ. ಅವರ ಹೆಂಡತಿ ಡೋರಿಸ್ ಸೇದ್ತಿದ್ದರು. ಮನೆಯಲ್ಲಿ ಹೆಂಡತಿಯ ಸಿಗರೇಟು ಸಿಕ್ಕರೆ ಮುರಿದು ಟಾಯ್ಲೆಟ್ಟಿಗೆ ಎಸೀತಿದ್ದರು ಅಂತ ಅವರ ಮಗಳು ನೆನಪಿಸಿಕೊಂಡಿದ್ದಾರೆ. 1964ರ ವರದಿ ಬಂದ ಮೇಲೆ ಧೂಮಪಾನದ ವಿರುದ್ಧ ಪ್ರಚಾರಕ್ಕೂ ಇಳಿದರು. ಅಷ್ಟರಲ್ಲಿ ಆ ಈಸ್ಟರ್ ಭಾನುವಾರ ಕಳೆದು 35 ವರ್ಷ ಆಗಿತ್ತು.

ಆ ಫ್ರೆಂಡಿಗೆ ಈ ಎಂಟೂ ಭಾಗ ಕಳಿಸಿದೆ. "ಸಾರಿ ಹೇಳ್ತೀನಿ ಅವಳಿಗೆ" ಅಂದ. ನಾನು ಮೊದಲೇ ಹೇಳಿದ್ದೆ. ಹೋದ ವಾರ ಅವಳು ನನ್ನ ಪಕ್ಕ ಕೂತು ಕ್ವಿಟ್‌ಲೈನಿಗೆ ಫೋನ್ ಮಾಡಿದಳು. 1800-11-2356, ಉಚಿತ, ಪ್ಯಾಕಿನ ಮೇಲೇ ಅಚ್ಚಾಗಿರುತ್ತೆ. ಇವತ್ತಿಗೆ ಆರನೇ ದಿನ. ಏಳನೇ ದಿನ ಏನಾಗುತ್ತೋ ಗೊತ್ತಿಲ್ಲ. ಬಿದ್ದರೆ ಮತ್ತೆ ಫೋನ್ ಮಾಡ್ತೀವಿ.

ನಿಮ್ಮ ಗುಂಪಲ್ಲೂ ಟ್ಯಾಂಕಿನ ಹಿಂದೆ ನಿಂತವಳು ಒಬ್ಬಳು ಇರಬಹುದು. ಬೈಯೋಕೆ ಬೇಕಾದಷ್ಟು ಜನ ಇದ್ದಾರೆ. ನೀವು ಪಕ್ಕ ಕೂತು ಟೀ ಹೇಳಿ.